ಬಾಡಿ ಮೊದಲೋ, ಲೆನ್ಸ್ ಮೊದಲೋ? ಛಾಯಾಚಿತ್ರ ಉದ್ಯಮಿಗಳಿಗೊಂದು ಹೂಡಿಕೆಯ ಲೆಕ್ಕ

ಯಾವುದೇ ಉದ್ಯಮದಲ್ಲಿ ಬಂಡವಾಳವನ್ನು ಹೊಂದಿಸುವುದಕ್ಕಿಂತಲೂ ಅದನ್ನು ಎಲ್ಲಿ ಹೂಡಬೇಕೆಂದು ನಿರ್ಧರಿಸುವುದು ಕಠಿಣವಾದ ಕೆಲಸ. ಅಕ್ಕಿ ಗಿರಣಿಯಲ್ಲಿ ನುಚ್ಚು ಹೆಚ್ಚಾಗಿ ಬೀಳುತ್ತಿದ್ದರೆ ಅನುಭವಿ ಮಾಲೀಕರು ಮೊದಲು ಭತ್ತದ ತೇವಾಂಶವನ್ನೂ ರಬ್ಬರ್ ರೋಲರಿನ ಸವೆತವನ್ನೂ ನೋಡುತ್ತಾರೆಯೇ ಹೊರತು ಮೋಟಾರು ಬದಲಿಸಲು ಹೊರಡುವುದಿಲ್ಲ. ದೋಷ ಇರುವಲ್ಲಿಯೇ ಹಣ ಹೋಗಬೇಕೆಂಬ ಈ ಸರಳ ವಿವೇಕವು ರಾಯಚೂರು, ಮಾನ್ವಿ, ದೇವದುರ್ಗಗಳ ವ್ಯಾಪಾರಿಗಳಿಗೆ ಹೊಸದೇನಲ್ಲ. ಆದರೆ ಛಾಯಾಚಿತ್ರ ಸ್ಟುಡಿಯೋಗಳ ವ್ಯವಹಾರದಲ್ಲಿ ಮಾತ್ರ ಈ ವಿವೇಕ ಆಗಾಗ ಹಿಂದೆ ಸರಿಯುತ್ತದೆ. ಹೊಸ ಮಾದರಿಯ ಕ್ಯಾಮೆರಾ ಮಾರುಕಟ್ಟೆಗೆ ಬಂದೊಡನೆ ಪಕ್ಕದ ಸ್ಟುಡಿಯೋದವರು ಕೊಂಡರೆಂಬ ಕಾರಣಕ್ಕೇ ಕಂತಿನ ಮೇಲೆ ಬಾಡಿ ಖರೀದಿಸುವುದನ್ನು ನಾವು ಕಾಣುತ್ತೇವೆ.

ಮಿರರ್‌ಲೆಸ್ ಕ್ಯಾಮೆರಾ ಹೊಂದಿರುವ ಸ್ಟುಡಿಯೋ ಮಾಲೀಕರ ಮುಂದೆ ಇಂದು ಇರುವ ಪ್ರಶ್ನೆ ಇದು: ಕೈಯಲ್ಲಿ ಒಂದಿಷ್ಟು ಹಣವಿದೆ, ಅದರಲ್ಲಿ ಹೊಸ ಬಾಡಿ ಕೊಳ್ಳಬೇಕೋ, ಉತ್ತಮ ಲೆನ್ಸ್ ಕೊಳ್ಳಬೇಕೋ? ಉತ್ತರವನ್ನು ಕಂಡುಕೊಳ್ಳುವ ಬಗೆಯನ್ನು ಈ ಲೇಖನದಲ್ಲಿ ಪರಿಶೀಲಿಸೋಣ.

ಮಾರುಕಟ್ಟೆ ಬದಲಾದ ಬಗೆ

2008ರಲ್ಲಿ ಪ್ಯಾನಸಾನಿಕ್ ಸಂಸ್ಥೆಯ ಜಿ1 ಮಾದರಿಯೊಂದಿಗೆ ಕನ್ನಡಿಯಿಲ್ಲದ, ಲೆನ್ಸ್ ಬದಲಿಸಬಹುದಾದ ಕ್ಯಾಮೆರಾಗಳ ಈ ವರ್ಗ ಆರಂಭವಾಯಿತು. 2013ರಲ್ಲಿ ಸೋನಿ ಸಂಸ್ಥೆಯು ಎ7 ಮಾದರಿಯ ಮೂಲಕ ಇದಕ್ಕೆ ಫುಲ್‌ಫ್ರೇಮ್ ಸೆನ್ಸರ್ ತಂದಿತು. 2018ರಲ್ಲಿ ಕ್ಯಾನನ್ ಮತ್ತು ನಿಕಾನ್ ಸಂಸ್ಥೆಗಳೂ ಕ್ರಮವಾಗಿ ಆರ್ ಮತ್ತು ಝಡ್ ಶ್ರೇಣಿಗಳೊಡನೆ ಅದೇ ದಾರಿ ಹಿಡಿದವು. ಈ ಎರಡು ಸಂಸ್ಥೆಗಳಿಂದ 2020ರ ನಂತರ ಹೊಸ ಡಿಎಸ್‌ಎಲ್‌ಆರ್ ಬಾಡಿ ಹೊರಬಂದಿಲ್ಲ.

ಇದರಿಂದ ಉದ್ಯಮಿಗಳಿಗೆ ಆದ ಪರಿಣಾಮ ಎರಡು ಬಗೆಯದು. ಒಂದು, ಬಾಡಿಗಳ ತಂತ್ರಜ್ಞಾನ ಮೂರು ನಾಲ್ಕು ವರ್ಷಗಳಿಗೊಮ್ಮೆ ಬದಲಾಗತೊಡಗಿ, ಹಳೆಯ ಬಾಡಿಯ ಮರುಮಾರಾಟದ ಬೆಲೆ ಬೇಗ ಕುಸಿಯತೊಡಗಿತು. ಎರಡು, ಲೆನ್ಸ್ ಜೋಡಿಸುವ ಮೌಂಟ್ ಹೊಸದಾಯಿತು. ನಿಕಾನ್ ಸಂಸ್ಥೆ 1959ರಿಂದ ಬಳಸಿದ ಎಫ್ ಮೌಂಟ್ ಮತ್ತು ಕ್ಯಾನನ್ 1987ರಲ್ಲಿ ತಂದ ಇಎಫ್ ಮೌಂಟ್‌ಗಳ ಲೆನ್ಸ್‌ಗಳನ್ನು ಅಡಾಪ್ಟರ್ ಮೂಲಕ ಹೊಸ ಬಾಡಿಗೆ ಹಾಕಬಹುದಾದರೂ ಅಲ್ಲಿಯೂ ಎಚ್ಚರ ಅಗತ್ಯ. ಉದಾಹರಣೆಗೆ, ಬಾಡಿಯ ಮೋಟಾರಿನಿಂದ ಫೋಕಸ್ ಆಗುತ್ತಿದ್ದ ನಿಕಾನ್ ಎಎಫ್-ಡಿ ಲೆನ್ಸ್‌ಗಳು ನಿಕಾನ್ ಸಂಸ್ಥೆಯದೇ ಆದ ಎಫ್‌ಟಿಝಡ್ ಅಡಾಪ್ಟರಿನಲ್ಲಿ ತಾವಾಗಿ ಫೋಕಸ್ ಆಗುವುದಿಲ್ಲ, ಕೈಯಿಂದಲೇ ತಿರುಗಿಸಬೇಕು. ಮದುವೆಯ ಗದ್ದಲದಲ್ಲಿ ಇದು ನಡೆಯುವ ಮಾತಲ್ಲ.

ಮಂಟಪದ ಬೆಳಕಿನ ಲೆಕ್ಕ

ನಮ್ಮ ಭಾಗದ ಸ್ಟುಡಿಯೋಗಳ ಆದಾಯದ ಬೆನ್ನೆಲುಬು ಮದುವೆ ಸಮಾರಂಭಗಳು. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಮಾನ್ವಿ ಭಾಗದ ಭತ್ತ, ನಾರಾಯಣಪುರ ಬಲದಂಡೆ ಕಾಲುವೆಯ ದೇವದುರ್ಗದ ಬೆಳೆ, ಕಪ್ಪು ನೆಲದ ಹತ್ತಿ ಇವೆಲ್ಲ ಮಾರಾಟವಾಗಿ ಕೈಯಲ್ಲಿ ಹಣ ಆಡಿದ ಮೇಲೆಯೇ ಮದುವೆಯ ಹಂಗಾಮು ಕಳೆಗಟ್ಟುತ್ತದೆ. ರಾತ್ರಿಯ ಮೆರವಣಿಗೆ, ಮಂದ ಬೆಳಕಿನ ಮನೆಯೊಳಗಿನ ಅರಿಷಿಣ ಶಾಸ್ತ್ರ, ಬಣ್ಣದ ದೀಪಗಳ ಕಲ್ಯಾಣ ಮಂಟಪ: ಇವು ಮೂರೂ ಬೆಳಕು ಸಾಲದ ಜಾಗಗಳು. ಆದ್ದರಿಂದ ಬೆಳಕೇ ಇಲ್ಲಿ ಕಚ್ಚಾ ಮಾಲು.

ಬಾಡಿಯೊಡನೆ ಬರುವ ಸಾಮಾನ್ಯ ಕಿಟ್ ಲೆನ್ಸನ್ನು ಪೂರ್ತಿ ಹಿಗ್ಗಿಸಿದಾಗ ಅದರ ಅಪರ್ಚರ್ ಎಫ್ 5.6ಕ್ಕೆ ಇಳಿಯುತ್ತದೆ. ಎಫ್ 2.8ರ ಜೂಮ್ ಲೆನ್ಸ್ ಅದರ ನಾಲ್ಕು ಪಟ್ಟು ಬೆಳಕನ್ನು ಒಳಬಿಡುತ್ತದೆ, ಎಫ್ 1.8ರ ಪ್ರೈಮ್ ಲೆನ್ಸ್ ಹೆಚ್ಚುಕಡಿಮೆ ಹತ್ತು ಪಟ್ಟು. ಎಫ್ 5.6ರಲ್ಲಿ ಸೆಕೆಂಡಿನ 30ನೇ ಒಂದು ಭಾಗದ ಷಟರ್ ವೇಗ ಬೇಕಾಗುವ ಸ್ಥಳದಲ್ಲಿ ಎಫ್ 2.8ರ ಲೆನ್ಸಿಗೆ ಸುಮಾರು 125ನೇ ಒಂದು ಭಾಗ ಸಾಕು. ಅಕ್ಷತೆ ಹಾಕುವ ಕೈಗಳು ಮೊದಲನೆಯದರಲ್ಲಿ ಮಸುಕಾಗುತ್ತವೆ, ಎರಡನೆಯದರಲ್ಲಿ ಬಹುಮಟ್ಟಿಗೆ ನಿಲ್ಲುತ್ತವೆ.

ಬಾಡಿ ಬದಲಿಸಿದರೆ ಸಿಗುವುದೆಷ್ಟು? ಎಪಿಎಸ್-ಸಿ ಸೆನ್ಸರಿನಿಂದ ಫುಲ್‌ಫ್ರೇಮ್‌ಗೆ ಹೋದರೆ ಸೆನ್ಸರಿನ ವಿಸ್ತೀರ್ಣ ಸುಮಾರು 2.3 ಪಟ್ಟು ಹೆಚ್ಚುತ್ತದೆ. ಅಂದರೆ ಚಿತ್ರದಲ್ಲಿ ಕಾಳುಕಾಳಾಗಿ ಕಾಣುವ ನಾಯ್ಸ್ ವಿಷಯದಲ್ಲಿ ದೊರೆಯುವ ಲಾಭವೂ ಸ್ಥೂಲವಾಗಿ ಅಷ್ಟೇ. ನಾಲ್ಕು ಪಟ್ಟಿನ ಲಾಭ ಕಡಿಮೆ ಬೆಲೆಗೆ ಸಿಗುವಾಗ ಎರಡು ಚಿಲ್ಲರೆ ಪಟ್ಟಿನ ಲಾಭಕ್ಕೆ ಹೆಚ್ಚು ಹಣ ತೆರುವುದು ವ್ಯಾಪಾರವೆನಿಸದು.

ಬಾಡಿಯೊಳಗಿನ ಸ್ಟೆಬಿಲೈಸೇಷನ್ ವ್ಯವಸ್ಥೆಯ ಬಗೆಗೂ ಒಂದು ತಪ್ಪು ಗ್ರಹಿಕೆಯಿದೆ. ಅದು ಛಾಯಾಗ್ರಾಹಕನ ಕೈ ನಡುಕವನ್ನು ಸರಿಪಡಿಸುತ್ತದೆ. ಮೆರವಣಿಗೆಯಲ್ಲಿ ಕುಣಿಯುವವರ ಚಲನೆಯನ್ನು ನಿಲ್ಲಿಸುವುದಿಲ್ಲ. ಅದಕ್ಕೆ ಷಟರ್ ವೇಗವೇ ಬೇಕು, ವೇಗಕ್ಕೆ ಬೆಳಕೇ ಬೇಕು.

ಮೆಗಾಪಿಕ್ಸೆಲ್ ಎಂಬ ಆಕರ್ಷಣೆ

24 ಮೆಗಾಪಿಕ್ಸೆಲ್ ಬಾಡಿಯ ಚಿತ್ರ ಸಾಮಾನ್ಯವಾಗಿ 6000 × 4000 ಚುಕ್ಕಿಗಳದು. 12 × 18 ಇಂಚಿನ ಆಲ್ಬಂ ಪುಟವನ್ನು ಇಂಚಿಗೆ 300 ಚುಕ್ಕಿಯಂತೆ ಮುದ್ರಿಸಲು 5400 × 3600 ಚುಕ್ಕಿಗಳಿದ್ದರೆ ಸಾಕು. ಗ್ರಾಹಕರಿಗೆ ಕೊಡುವ ಆಲ್ಬಂ ಈ ಅಳತೆಯದಾಗಿದ್ದರೆ 45 ಮೆಗಾಪಿಕ್ಸೆಲ್ ಬಾಡಿಯಿಂದ ಮುದ್ರಣದಲ್ಲಿ ಕಣ್ಣಿಗೆ ಕಾಣುವ ಲಾಭ ಅತ್ಯಲ್ಪ. ಹೆಚ್ಚುವುದು ಮೆಮೊರಿ ಕಾರ್ಡು, ಹಾರ್ಡ್ ಡಿಸ್ಕು ಮತ್ತು ಹೊಸ ಕಂಪ್ಯೂಟರಿನ ಖರ್ಚು.

ಇದಕ್ಕಿಂತ ದೊಡ್ಡ ಬಲೆಯೊಂದಿದೆ. ಕೆಲವರು ಎಪಿಎಸ್-ಸಿ ಲೆನ್ಸ್‌ಗಳನ್ನು ಇಟ್ಟುಕೊಂಡು ಫುಲ್‌ಫ್ರೇಮ್ ಬಾಡಿಯನ್ನು ಮಾತ್ರ ಕೊಳ್ಳುತ್ತಾರೆ. ಆಗ ಬಾಡಿಯು ತನ್ನ ಸೆನ್ಸರಿನ ನಡುಭಾಗವನ್ನಷ್ಟೇ ಬಳಸುತ್ತದೆ. 24 ಮೆಗಾಪಿಕ್ಸೆಲಿನ ಸೋನಿ ಎ7 ಮಾರ್ಕ್ 3 ಈ ರೀತಿಯಲ್ಲಿ ಕೊಡುವುದು ಸುಮಾರು 10 ಮೆಗಾಪಿಕ್ಸೆಲ್ ಮಾತ್ರ. ಹಣ ಕೊಟ್ಟು ಹಿಂದಕ್ಕೆ ಹೋದಂತಾಯಿತು. ಫುಲ್‌ಫ್ರೇಮ್ ಬಾಡಿಯ ಬೆಲೆ ಎಂದರೆ ಅದಕ್ಕೊಪ್ಪುವ ಲೆನ್ಸ್‌ನ ಬೆಲೆಯೂ ಸೇರಿದ ಮೊತ್ತವೆಂದೇ ತಿಳಿಯಬೇಕು.

ಒಂದು ಸಮಾರಂಭಕ್ಕೆ ಬೀಳುವ ವೆಚ್ಚ

ಈಗ ಲೆಕ್ಕದ ಪುಸ್ತಕ ತೆರೆಯೋಣ. ಕೆಳಗಿನ ಅಂಕಿಗಳು ಉದಾಹರಣೆಗಾಗಿ ಮಾತ್ರ. ಓದುಗರು ತಮ್ಮ ಊರಿನ ದರಗಳನ್ನು ಹಾಕಿ ನೋಡಬೇಕು.

ಬಾಡಿಯ ಬೆಲೆ ರೂ. 1,60,000 ಎಂದೂ, 4 ವರ್ಷ ಬಳಸಿ ರೂ. 40,000ಕ್ಕೆ ಮಾರಿದರೆಂದೂ ಇಟ್ಟುಕೊಳ್ಳೋಣ. ಸವೆದ ಬಂಡವಾಳ ರೂ. 1,20,000. ವರ್ಷಕ್ಕೆ 40 ಸಮಾರಂಭಗಳಂತೆ 160 ಸಮಾರಂಭಗಳಿಗೆ ಹಂಚಿದರೆ ಒಂದಕ್ಕೆ ರೂ. 750. ಲೆನ್ಸಿನ ಬೆಲೆ ರೂ. 70,000, ಬಳಕೆ 8 ವರ್ಷ, ಮಾರಾಟದ ಬೆಲೆ ರೂ. 30,000 ಎಂದಾದರೆ ಸವೆದದ್ದು ರೂ. 40,000, 320 ಸಮಾರಂಭಗಳಿಗೆ ಹಂಚಿದರೆ ಒಂದಕ್ಕೆ ರೂ. 125. ಲೆನ್ಸ್ ಬಾಡಿಗಿಂತ ಹೆಚ್ಚು ಕಾಲ ಬಾಳುತ್ತದೆ ಎಂಬುದೇ ಈ ಅಂತರದ ಮೂಲ.

ಸಾಲ ಮಾಡಿದರೆ ಲೆಕ್ಕ ಇನ್ನೂ ಬಿಗಿಯಾಗುತ್ತದೆ. ಅದೇ ರೂ. 1,60,000ಕ್ಕೆ ಶೇ. 12ರ ಬಡ್ಡಿಯಲ್ಲಿ 24 ತಿಂಗಳ ಕಂತು ಮಾಡಿದರೆ ತಿಂಗಳಿಗೆ ಸುಮಾರು ರೂ. 7,530 ಕಟ್ಟಬೇಕು, ಬಡ್ಡಿಯೇ ಸುಮಾರು ರೂ. 20,770 ಆಗುತ್ತದೆ. ಆಷಾಢದಲ್ಲಿ ಮದುವೆಗಳಿರುವುದಿಲ್ಲ, ಕಂತಿಗೆ ಆಷಾಢವಿಲ್ಲ. ಮಟಮಾರಿಯಂತಹ, ರಾಯಚೂರಿನಿಂದ ಗುಂತಕಲ್ಲಿನ ಕಡೆಗೆ ಸಾಗುವ ರೈಲುಮಾರ್ಗದ ಮೇಲಿನ ಚಿಕ್ಕ ಊರುಗಳಲ್ಲಿ, ಸುತ್ತಲಿನ ಹಳ್ಳಿಗಳ ಮದುವೆಗಳನ್ನೇ ನಂಬಿದ ಅಂಗಡಿಗೆ ಒಂದು ಹಂಗಾಮು ಮಳೆ ಕೈಕೊಟ್ಟರೂ ಈ ಕಂತು ಹೊರೆಯಾಗುತ್ತದೆ.

ತೆರಿಗೆಯ ವಿಷಯವನ್ನೂ ಮರೆಯಬಾರದು. ಡಿಜಿಟಲ್ ಕ್ಯಾಮೆರಾಗಳ ಮೇಲಿನ ಜಿಎಸ್‌ಟಿ 2019ರ ಜನವರಿ 1ರಿಂದ ಶೇ. 28ರಿಂದ ಶೇ. 18ಕ್ಕೆ ಇಳಿಯಿತು. ಸಾಮಾನ್ಯ ಪದ್ಧತಿಯಲ್ಲಿ ನೋಂದಾಯಿತರಾದವರು ತಮ್ಮ ಜಿಎಸ್‌ಟಿ ಸಂಖ್ಯೆಯುಳ್ಳ ಬಿಲ್ಲನ್ನು ಪಡೆದರೆ ಈ ತೆರಿಗೆಯನ್ನು ಹೂಡುವಳಿ ತೆರಿಗೆಯಾಗಿ ವಜಾ ಮಾಡಿಕೊಳ್ಳಬಹುದು. ಕಂಪೋಸಿಷನ್ ಪದ್ಧತಿಯವರಿಗೆ ಈ ಸೌಲಭ್ಯವಿಲ್ಲ. ಬಿಲ್ಲಿಲ್ಲದೆ ಅಗ್ಗಕ್ಕೆ ದೊರೆಯುವ ಮಾಲಿನಲ್ಲಿ ತೆರಿಗೆ ವಜಾ, ವಾರಂಟಿ ಎರಡೂ ಕೈತಪ್ಪುತ್ತವೆ. ಸಾಲ ಅನಿವಾರ್ಯವಾದವರು ಕೈಸಾಲಕ್ಕೆ ಮೊದಲು 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯ ಬಗ್ಗೆ ಬ್ಯಾಂಕಿನಲ್ಲಿ ವಿಚಾರಿಸಬಹುದು. ಅದರ ಕಿಶೋರ ವಿಭಾಗದಲ್ಲಿ ರೂ. 50,000ದಿಂದ 5 ಲಕ್ಷದವರೆಗೆ ಸಾಲ ದೊರೆಯುತ್ತದೆ.

ಬಾಡಿಯನ್ನೇ ಬದಲಿಸಬೇಕಾದ ಸಂದರ್ಭಗಳು

ಇಷ್ಟರಿಂದ ಬಾಡಿಗೆ ಎಂದೂ ಹಣ ಹಾಕಬಾರದೆಂದು ಯಾರೂ ಭಾವಿಸಬಾರದು. ನಾಲ್ಕು ಸಂದರ್ಭಗಳಲ್ಲಿ ಬಾಡಿಯೇ ಮೊದಲು.

ಮೊದಲನೆಯದು, ಒಂದೇ ಕಾರ್ಡಿನ ಬಾಡಿ. ಮಾಂಗಲ್ಯಧಾರಣೆಯನ್ನು ಮತ್ತೊಮ್ಮೆ ಮಾಡಿಸಲಾಗದು. ಕಾರ್ಡು ಕೆಟ್ಟರೆ ಹೋಗುವುದು ಅಂದಿನ ಸಂಭಾವನೆ ಮಾತ್ರವಲ್ಲ, ಆ ಮನೆತನದ ಮತ್ತು ಅವರ ಬೀಗರ ಊರಿನ ಮುಂದಿನ ಕೆಲಸಗಳೂ ಹೋಗುತ್ತವೆ. 2018ರ ನಿಕಾನ್ ಝಡ್6 ಮತ್ತು ಕ್ಯಾನನ್ ಇಒಎಸ್ ಆರ್ ಬಾಡಿಗಳಲ್ಲಿ ಒಂದೇ ಕಾರ್ಡಿಗೆ ಸ್ಥಳವಿತ್ತು. 2020ರ ಝಡ್6 ಮಾರ್ಕ್ 2 ಮತ್ತು ಆರ್6 ಬಾಡಿಗಳಲ್ಲಿ ಎರಡು ಕಾರ್ಡುಗಳಿವೆ. ಪ್ರತಿ ಚಿತ್ರವೂ ಎರಡರಲ್ಲಿಯೂ ದಾಖಲಾಗುವಂತೆ ಮಾಡಬಹುದು.

ಎರಡನೆಯದು, ಫೋಕಸ್ ತಪ್ಪುವ ಬಾಡಿ. ಬೆಳಕು, ಷಟರ್ ವೇಗ ಎರಡೂ ಸರಿಯಿದ್ದು, ವಧುವಿನ ಮುಖದ ಬದಲು ಹಿಂದಿನ ಹೂವಿನ ಅಲಂಕಾರ ಸ್ಪಷ್ಟವಾಗಿ ಬರುತ್ತಿದ್ದರೆ ಅದು ಬಹುಮಟ್ಟಿಗೆ ಹಳೆಯ ಫೋಕಸ್ ವ್ಯವಸ್ಥೆಯ ಮಿತಿ. ಕಣ್ಣನ್ನು ಗುರುತಿಸಿ ಹಿಂಬಾಲಿಸುವ ಹೊಸ ಬಾಡಿಗಳು ಇಲ್ಲಿ ನಿಜವಾದ ಲಾಭ ಕೊಡುತ್ತವೆ.

ಮೂರನೆಯದು, ಬ್ಯಾಟರಿ. ತಯಾರಕರ ಅಳತೆಯಂತೆ ಸೋನಿ ಎ7 ಮಾರ್ಕ್ 2 ಒಂದು ಬ್ಯಾಟರಿಗೆ ಸುಮಾರು 350 ಚಿತ್ರಗಳನ್ನು ಕೊಟ್ಟರೆ, 2018ರ ಮಾರ್ಕ್ 3 ಸುಮಾರು 710 ಚಿತ್ರಗಳನ್ನು ಕೊಡುತ್ತದೆ. ಆದರೂ ಮೊದಲು ಎರಡು ಹೆಚ್ಚುವರಿ ಬ್ಯಾಟರಿ ಕೊಂಡರೆ ಸಾಲದೇ ಎಂದು ಕೇಳಿಕೊಳ್ಳುವುದು ಲೇಸು.

ನಾಲ್ಕನೆಯದು, ವಿಡಿಯೋ. ಗ್ರಾಹಕರು 4ಕೆ ಚಿತ್ರೀಕರಣ ಕೇಳುತ್ತಿದ್ದು, ಬಾಡಿಯಲ್ಲಿ ಅದಿಲ್ಲದಿದ್ದರೆ ಲೆನ್ಸ್ ಅದನ್ನು ತಂದುಕೊಡಲಾರದು. ಇಲ್ಲಿ ನಮ್ಮ ಜಿಲ್ಲೆಯ ಬಿಸಿಲನ್ನು ನೆನಪಿಡಬೇಕು. 2020ರಲ್ಲಿ ಬಿಡುಗಡೆಯಾದಾಗ ಕ್ಯಾನನ್ ಆರ್5 ಬಾಡಿಯು 8ಕೆ ದೃಶ್ಯವನ್ನು 20 ನಿಮಿಷ ಸೆರೆಹಿಡಿಯುವುದೆಂದು ತಯಾರಕರು ಹೇಳಿದ್ದು 23 ಡಿಗ್ರಿ ಉಷ್ಣತೆಗೆ ಅನ್ವಯಿಸಿ. ರಾಯಚೂರಿನಲ್ಲಿ ವೈಶಾಖದ ಬಿಸಿಲು 40 ಡಿಗ್ರಿಯನ್ನು ದಾಟುತ್ತದೆ. ಆದ್ದರಿಂದ ವಿಡಿಯೋಗಾಗಿ ಬಾಡಿ ಕೊಳ್ಳುವವರು ಅದನ್ನು ತಂಪಾದ ಮಳಿಗೆಯಲ್ಲಿ ಅಲ್ಲ, ಸಾಧ್ಯವಾದರೆ ಒಂದು ದಿನ ಬಾಡಿಗೆಗೆ ತಂದು ನಮ್ಮ ಶಾಮಿಯಾನದಡಿಯಲ್ಲಿಯೇ ಪರೀಕ್ಷಿಸಬೇಕು.

ಖರ್ಚಿಲ್ಲದ ಪರೀಕ್ಷೆ

ನಿರ್ಧಾರಕ್ಕೆ ಬೇಕಾದ ಸಾಕ್ಷ್ಯ ಪ್ರತಿಯೊಬ್ಬರ ಕಂಪ್ಯೂಟರಿನಲ್ಲಿಯೇ ಇದೆ. ಹಿಂದಿನ ಹತ್ತು ಸಮಾರಂಭಗಳಲ್ಲಿ ತೆಗೆದುಹಾಕಿದ, ಆಲ್ಬಂಗೆ ಬಾರದ ಚಿತ್ರಗಳನ್ನು ತೆರೆದು ನೋಡಬೇಕು. ಪ್ರತಿ ಚಿತ್ರದೊಡನೆ ಷಟರ್ ವೇಗ, ಅಪರ್ಚರ್, ಐಎಸ್‌ಒ ದಾಖಲಾಗಿರುತ್ತವೆ. ಷಟರ್ ವೇಗ ಸಾಲದೆ ಮಸುಕಾದವು, ನಾಯ್ಸ್‌ನಿಂದ ಕೆಟ್ಟವು, ಫೋಕಸ್ ತಪ್ಪಿದವು ಎಂದು ಮೂರು ಪಾಲು ಮಾಡಿ ಎಣಿಸಬೇಕು. ಮೊದಲ ಎರಡು ಪಾಲು ದೊಡ್ಡದಾಗಿದ್ದರೆ ಲೆನ್ಸ್. ಮೂರನೆಯದು ದೊಡ್ಡದಾಗಿದ್ದರೆ ಬಾಡಿ. ಯಾವ ಫೋಕಲ್ ಉದ್ದದಲ್ಲಿ ಹೆಚ್ಚು ಚಿತ್ರಗಳಿವೆಯೋ ಅದೇ ಕೊಳ್ಳಬೇಕಾದ ಲೆನ್ಸ್ ಯಾವುದೆಂದು ತಿಳಿಸುತ್ತದೆ.

ಹಾಳಾದವುಗಳಲ್ಲಿ ವೇದಿಕೆಯ ಗುಂಪುಚಿತ್ರಗಳೇ ಹೆಚ್ಚಿದ್ದರೆ ಎರಡೂ ಬೇಡ. ಎಫ್ 1.8ರಲ್ಲಿ ತೆಗೆದರೆ ಹಿಂದಿನ ಸಾಲಿನ ಬಂಧುಗಳು ಮಸುಕಾಗುತ್ತಾರೆ. ಅಲ್ಲಿ ಎಫ್ 5.6 ಮತ್ತು ಒಳ್ಳೆಯ ಫ್ಲ್ಯಾಶ್ ಸಾಕು. ಅದರ ಬೆಲೆ ಇವೆರಡಕ್ಕಿಂತಲೂ ಕಡಿಮೆ. ತಮ್ಮ ಉತ್ಪನ್ನಗಳ ಚಿತ್ರ ತಾವೇ ತೆಗೆಯುವ ಸಣ್ಣ ತಯಾರಕರಿಗೂ ಇದೇ ಮಾತು: ಅಲುಗದ ವಸ್ತುವಿಗೆ ಟ್ರೈಪಾಡ್ ಮತ್ತು ಎರಡು ದೀಪಗಳೇ ಮೊದಲ ಹೂಡಿಕೆ.

ಕೊಳ್ಳುವ ಮುನ್ನ

ಬಳಸಿದ ಲೆನ್ಸ್ ಕೊಳ್ಳುವವರು ಅದನ್ನು ದೀಪಕ್ಕೆ ಹಿಡಿದು ಒಳಗಿನ ಗಾಜಿನಲ್ಲಿ ಬೂಷ್ಟು ಹಿಡಿದಿದೆಯೇ ಎಂದು ನೋಡಬೇಕು. ಬೇರೆ ತಯಾರಕರ ಅಗ್ಗದ ಲೆನ್ಸ್‌ಗಳು ತಮ್ಮ ಮೌಂಟಿಗೆ ದೊರೆಯುತ್ತವೆಯೇ ಎಂದು ಮೊದಲೇ ವಿಚಾರಿಸಬೇಕು. ಸೋನಿ ಇ ಮೌಂಟಿಗೆ ಸಿಗ್ಮಾ, ಟ್ಯಾಮ್ರಾನ್ ಲೆನ್ಸ್‌ಗಳು ಹಿಂದಿನಿಂದಲೂ ಹೇರಳವಾಗಿವೆ; ಕ್ಯಾನನ್ ಆರ್‌ಎಫ್ ಮೌಂಟಿಗೆ ಈ ಎರಡು ಸಂಸ್ಥೆಗಳು ಲೆನ್ಸ್ ಪ್ರಕಟಿಸಿದ್ದು 2024ರಲ್ಲಿ, ಅದೂ ಎಪಿಎಸ್-ಸಿ ಬಾಡಿಗಳಿಗಾಗಿ. ಹೊಸ ಬಾಡಿ ಕೊಂಡವರು ಹಳೆಯದನ್ನು ಸಿಕ್ಕ ಬೆಲೆಗೆ ಮಾರದೆ ಮತ್ತೊಂದು ಲೆನ್ಸ್ ಹಾಕಿ ಜೊತೆಗಿಟ್ಟುಕೊಳ್ಳುವುದು ಒಳಿತು. ಕನ್ನಡಿಯಿಲ್ಲದ ಕ್ಯಾಮೆರಾದಲ್ಲಿ ಲೆನ್ಸ್ ತೆಗೆದಾಗ ಸೆನ್ಸರ್ ಸುಲಭವಾಗಿ ಧೂಳಿಗೆ ಒಡ್ಡಿಕೊಳ್ಳುತ್ತದೆ. ಎರೆಭೂಮಿಯ ಧೂಳೇಳುವ ಬಯಲಿನಲ್ಲಿ ಲೆನ್ಸ್ ಬದಲಿಸುವ ಪ್ರಮೇಯವೇ ಬಾರದಂತೆ ಎರಡು ಬಾಡಿಗಳು ಕಾಯುತ್ತವೆ. ಒಂದು ಕೈಕೊಟ್ಟರೆ ಕೆಲಸವೂ ನಿಲ್ಲುವುದಿಲ್ಲ.

ಒಟ್ಟಿನಲ್ಲಿ, ಎರಡು ಕಾರ್ಡು ಹಿಡಿಯುವ, ಫೋಕಸ್ ನಂಬಬಹುದಾದ ಬಾಡಿ ಈಗಾಗಲೇ ಕೈಯಲ್ಲಿದ್ದರೆ ಮುಂದಿನ ಹಣ ಲೆನ್ಸಿಗೆ ಹೋಗಲಿ. ಅದಿಲ್ಲದಿದ್ದರೆ ಮೊದಲು ಬಾಡಿಯಾಗಲಿ. ಈ ಎರಡರಲ್ಲಿ ಯಾವುದೆಂಬುದನ್ನು ಪಕ್ಕದ ಅಂಗಡಿಯ ಪ್ರದರ್ಶನ ಕಪಾಟಲ್ಲ, ತಮ್ಮದೇ ಸ್ಟುಡಿಯೋದಲ್ಲಿ ತಿರಸ್ಕೃತವಾದ ಚಿತ್ರಗಳ ಎಣಿಕೆಯೇ ತೀರ್ಮಾನಿಸಬೇಕು. ಮುಂಬರುವ ಲಗ್ನಗಳ ಮುಂಗಡ ಸ್ವೀಕರಿಸುವ ಮೊದಲೇ ಅರ್ಧ ದಿನ ಬಿಡುವು ಮಾಡಿಕೊಂಡು ಈ ಎಣಿಕೆಯನ್ನು ಮುಗಿಸಿದರೆ, ಹಂಗಾಮು ಕಳೆದ ಮೇಲೆ ಉಳಿಯುವ ಹಣದಲ್ಲಿ ಅದರ ಬೆಲೆ ಕಾಣುತ್ತದೆ.