ಗಣಕದ ಚಲಚ್ಚಿತ್ರವು ಡಿ.ವಿ.ಡಿ.ಗೆ ಇಳಿಯುವ ಬಗೆ

ಮದುವೆಯ ದಿನ ತೆಗೆದ ಚಲಚ್ಚಿತ್ರವೊಂದು ಗಣಕಯಂತ್ರದಲ್ಲಿ ಫೈಲಿನ ರೂಪದಲ್ಲಿದೆಯೆಂದು ಭಾವಿಸೋಣ. ಊರಿನಲ್ಲಿರುವ ಅಜ್ಜಿಗೆ ಅದನ್ನು ತೋರಿಸಬೇಕು. ಅವರ ಮನೆಯಲ್ಲಿರುವುದು ಹಳೆಯದೊಂದು ಡಿ.ವಿ.ಡಿ. ಪ್ಲೇಯರು. ಫೈಲನ್ನು ಹಾಗೆಯೇ ಡಿಸ್ಕಿಗೆ ನಕಲು ಮಾಡಿ ಕಳುಹಿಸಿದರೆ, ಅನೇಕ ವೇಳೆ ಪರದೆಯ ಮೇಲೆ ಏನೂ ಮೂಡುವುದಿಲ್ಲ. ಫೈಲು ಕೆಟ್ಟಿಲ್ಲ, ಡಿಸ್ಕು ಕೆಟ್ಟಿಲ್ಲ, ಪ್ಲೇಯರೂ ಕೆಟ್ಟಿಲ್ಲ. ಹಾಗಾದರೆ ತೊಡಕು ಎಲ್ಲಿದೆ?

ಮೊದಲು ಡಿಸ್ಕನ್ನೇ ಪರೀಕ್ಷಿಸೋಣ. ಅದರ ವ್ಯಾಸ ೧೨ ಸೆಂಟಿಮೀಟರು. ಮಾಹಿತಿಯ ಜಾಡು ಕೇಂದ್ರದ ಬಳಿಯಿಂದ ಅಂಚಿನ ಕಡೆಗೆ ಸುರುಳಿಯಾಗಿ ಸಾಗುತ್ತದೆ. ಸುರುಳಿಯ ಒಂದು ಸುತ್ತಿಗೂ ಮುಂದಿನ ಸುತ್ತಿಗೂ ಇರುವ ಅಂತರ ಕೇವಲ ೦.೭೪ ಮೈಕ್ರೋಮೀಟರು. ೬೫೦ ನ್ಯಾನೋಮೀಟರು ತರಂಗಾಂತರದ ಕೆಂಪು ಲೇಸರ್ ಕಿರಣವು ಈ ಜಾಡನ್ನು ಓದುತ್ತದೆ. ಒಂದು ಪದರದ ಡಿಸ್ಕಿನಲ್ಲಿ ೪೭೦ ಕೋಟಿ ಬೈಟುಗಳು, ಅಂದರೆ ೩,೭೬೦ ಕೋಟಿ ಬಿಟ್ಟುಗಳು ಹಿಡಿಸುತ್ತವೆ.

ಇದು ಅಪಾರವೆಂದು ತೋರಬಹುದು. ಆದರೆ ಲೆಕ್ಕ ಹಾಕಿ ನೋಡಿರಿ. ನಮ್ಮ ದೇಶದ ಟೆಲಿವಿಷನ್ ಪದ್ಧತಿಗೆ ಹೊಂದುವ ಡಿ.ವಿ.ಡಿ.ಯಲ್ಲಿ ಒಂದೊಂದು ಚಿತ್ರಕ್ಕೂ ೭೨೦ × ೫೭೬, ಎಂದರೆ ೪,೧೪,೭೨೦ ಬಿಂದುಗಳು. ಸೆಕೆಂಡಿಗೆ ೨೫ ಚಿತ್ರಗಳು. ಪ್ರತಿ ಬಿಂದುವಿನ ಕಾಂತಿ ಮತ್ತು ವರ್ಣಕ್ಕೆ ಸರಾಸರಿ ೧೨ ಬಿಟ್ಟುಗಳು ಬೇಕು. ಸೆಕೆಂಡಿಗೆ ಸುಮಾರು ೧೨.೪ ಕೋಟಿ ಬಿಟ್ಟುಗಳಾದವು. ಈ ವೆಚ್ಚದಲ್ಲಿ ಇಡೀ ಡಿಸ್ಕು ಐದೇ ನಿಮಿಷಗಳಲ್ಲಿ ತುಂಬಿಹೋಗುತ್ತದೆ! ಎರಡು ಗಂಟೆಯ ಚಿತ್ರವನ್ನು ಅಡಗಿಸಬೇಕಾದರೆ ಅದನ್ನು ಇಪ್ಪತ್ತನಾಲ್ಕರಲ್ಲಿ ಒಂದು ಪಾಲಿಗೆ ಸಂಕ್ಷೇಪಿಸಬೇಕು.

ಇದಕ್ಕೆ ಉಪಾಯಗಳು ಎರಡು. ಒಂದು ಚಿತ್ರಕ್ಕೂ ಅದರ ಮುಂದಿನದಕ್ಕೂ ವ್ಯತ್ಯಾಸ ಅಲ್ಪ. ಆದುದರಿಂದ ಬದಲಾದುದನ್ನು ಮಾತ್ರ ಬರೆದರೆ ಸಾಕು. ಎರಡನೆಯದಾಗಿ, ಚಿತ್ರವನ್ನು ಎಂಟೆಂಟು ಬಿಂದುಗಳ ಚೌಕಗಳಾಗಿ ಒಡೆದು, ವೀಣೆಯ ನಾದವನ್ನು ಮೂಲಸ್ವರ ಮತ್ತು ಮೇಲ್ಸ್ವರಗಳಾಗಿ ವಿಂಗಡಿಸುವಂತೆ, ಪ್ರತಿಯೊಂದು ಚೌಕವನ್ನೂ ಸ್ಥೂಲ ಹಾಗೂ ಸೂಕ್ಷ್ಮ ಅಲೆಗಳಾಗಿ ವಿಂಗಡಿಸುತ್ತಾರೆ. ಕಣ್ಣು ಅಷ್ಟಾಗಿ ಗುರುತಿಸದ ಸೂಕ್ಷ್ಮ ಅಲೆಗಳನ್ನು ಕೈಬಿಡುತ್ತಾರೆ. ಈ ಗಣಿತಕ್ಕೆ ಡಿಸ್ಕ್ರೀಟ್ ಕೊಸೈನ್ ರೂಪಾಂತರವೆಂದು ಹೆಸರು. ಇದನ್ನು ಮೊದಲು ಯೋಚಿಸಿದವರು ೧೯೪೦ರಲ್ಲಿ ಬೆಂಗಳೂರಿನಲ್ಲಿ ಜನಿಸಿ, ಈಗ ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತಿರುವ ಎಂಜಿನಿಯರಿಂಗ್ ಕಾಲೇಜಿನಲ್ಲಿ ೧೯೬೧ರಲ್ಲಿ ಪದವಿ ಪಡೆದು, ಅಮೆರಿಕಕ್ಕೆ ತೆರಳಿದ ನಾಸಿರ್ ಅಹ್ಮದ್. ೧೯೭೨ರಲ್ಲಿ ಇದರ ಸಂಶೋಧನೆಗೆ ಅವರು ಕೋರಿದ ಧನಸಹಾಯ ದೊರೆಯಲಿಲ್ಲ. ಆದರೂ ಅವರು ಕೆಲಸವನ್ನು ಬಿಡಲಿಲ್ಲ, ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಅವರೊಡಗೂಡಿ ೧೯೭೪ರಲ್ಲಿ ಲೇಖನವನ್ನು ಪ್ರಕಟಿಸಿದರು.

ಈ ಎರಡು ಉಪಾಯಗಳನ್ನೂ ಒಳಗೊಂಡ ಎಂಪೆಗ್-೨ ಎಂಬ ಸಂಕೇತಪದ್ಧತಿಯನ್ನು ಡಿ.ವಿ.ಡಿ.ಗೆ ಗೊತ್ತುಪಡಿಸಲಾಯಿತು. ೧೯೯೬ರಲ್ಲಿ ಜಪಾನಿನಲ್ಲಿ ಮೊದಲ ಪ್ಲೇಯರುಗಳು ಮಾರಾಟಕ್ಕೆ ಬಂದವು. ಇಂತಹ ಪ್ಲೇಯರಿನ ಒಳಗಿರುವ ಚಿಪ್ಪು ಈ ಪದ್ಧತಿಯನ್ನು ಬಿಡಿಸುವುದಕ್ಕೆಂದೇ ರಚಿತವಾದುದು. ಇಂದಿನ ಅನೇಕ ಫೈಲುಗಳಾದರೋ ೨೦೦೩ರಲ್ಲಿ ಬಂದ ಎಚ್.೨೬೪ ಎಂಬ ಪದ್ಧತಿಯಲ್ಲಿವೆ. ಅದು ಇನ್ನೂ ಕಡಿಮೆ ಬಿಟ್ಟುಗಳಲ್ಲಿ ಅಷ್ಟೇ ಚೆನ್ನಾದ ಚಿತ್ರವನ್ನು ಕೊಡುತ್ತದೆ. ಆದರೆ ಅದನ್ನು ಬಿಡಿಸುವ ಗಣಿತ ಹೆಚ್ಚು ಜಟಿಲ. ಹಳೆಯ ಯಂತ್ರಕ್ಕೆ ಅದು ತಿಳಿಯದ ಭಾಷೆ. ನಮ್ಮ ತೊಡಕು ಇಲ್ಲಿದೆ.

ಆದುದರಿಂದ ಭಾಷಾಂತರ ಅಗತ್ಯ. ಗಣಕದ ತಂತ್ರಾಂಶವು ಫೈಲಿನ ಒಂದೊಂದು ಚಿತ್ರವನ್ನೂ ಬಿಡಿಸಿ, ಡಿ.ವಿ.ಡಿ.ಯ ಅಳತೆಗೆ ಕುಗ್ಗಿಸಿ, ಎಂಪೆಗ್-೨ರಲ್ಲಿ ಮತ್ತೆ ಮಡಿಸುತ್ತದೆ. ಚಿತ್ರಕ್ಕೆ ಸೆಕೆಂಡಿಗೆ ೯೮ ಲಕ್ಷ ಬಿಟ್ಟುಗಳ ಮಿತಿಯನ್ನು ಮೀರುವಂತಿಲ್ಲ. ಅನಂತರ ಪ್ಲೇಯರು ಹುಡುಕುವ ‘ವಿಡಿಯೋ ಟಿ.ಎಸ್.’ ಎಂಬ ಫೋಲ್ಡರಿನಲ್ಲಿ ಎಲ್ಲವನ್ನೂ ಕ್ರಮವಾಗಿ ಜೋಡಿಸಿ ಡಿಸ್ಕಿಗೆ ಬರೆಯುತ್ತದೆ.

ಈ ಭಾಷಾಂತರದಲ್ಲಿ ನಷ್ಟವುಂಟು. ೧೯೨೦ × ೧೦೮೦ ಬಿಂದುಗಳ ಚಿತ್ರವು ಡಿ.ವಿ.ಡಿ.ಗೆ ಇಳಿದಾಗ ಐದರಲ್ಲಿ ಒಂದು ಪಾಲು ಬಿಂದುಗಳು ಮಾತ್ರ ಉಳಿಯುತ್ತವೆ. ಕೈಬಿಟ್ಟ ಸೂಕ್ಷ್ಮಗಳು ಪುನಃ ದೊರೆಯುವುದಿಲ್ಲ. ಡಿಸ್ಕಿನಿಂದ ಮತ್ತೆ ಫೈಲು ಮಾಡಿದರೂ ಅವು ಹಿಂದಿರುಗವು.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಅಂಗಡಿಯಲ್ಲಿ ಮಾರುವ ಚಲಚ್ಚಿತ್ರಗಳ ಡಿಸ್ಕಿನಲ್ಲಿ ಅಚ್ಚೊತ್ತಿದ ನಿಜವಾದ ಕುಳಿಗಳಿರುತ್ತವೆ. ಮನೆಯಲ್ಲಿ ಒಮ್ಮೆ ಮಾತ್ರ ಬರೆಯಬಹುದಾದ ಡಿಸ್ಕಿನಲ್ಲಿರುವುದು ಸಾವಯವ ಬಣ್ಣದ ತೆಳುಪದರ. ಲೇಸರಿನ ಶಾಖದಿಂದ ಈ ಬಣ್ಣ ಮಾರ್ಪಟ್ಟು, ಬೆಳಕನ್ನು ಕಡಿಮೆ ಪ್ರತಿಫಲಿಸುವ ಗುರುತುಗಳು ಮೂಡುತ್ತವೆ. ಬಿಸಿಲು, ಸೆಕೆ, ತೇವಗಳಿಂದ ಕಾಲಕ್ರಮದಲ್ಲಿ ಇದು ಕೆಡುವುದುಂಟು. ಆಗ ಲೇಸರಿಗೆ ಗುರುತು ಯಾವುದು, ಬರಿಯ ಜಾಗ ಯಾವುದೆಂಬ ಭೇದವೇ ತಿಳಿಯದು.

ಮನೆಯ ಚಲಚ್ಚಿತ್ರವನ್ನು ಡಿಸ್ಕಿಗೆ ಇಳಿಸುವವರು ಇದನ್ನು ನೆನಪಿಡಬೇಕು. ಡಿಸ್ಕು ಅಜ್ಜಿಯ ಮನೆಗೆ ಹೋಗಲಿ. ಅವರು ಮೊಮ್ಮಗಳ ಮದುವೆಯನ್ನು ಕಣ್ತುಂಬ ನೋಡಲಿ. ಆದರೆ ಡಿಸ್ಕು ಸಿದ್ಧವಾಯಿತೆಂದು ಮೂಲ ಫೈಲನ್ನು ಅಳಿಸಿಹಾಕಬಾರದು. ಅದನ್ನು ಎರಡು ಬೇರೆ ಬೇರೆ ಸ್ಥಳಗಳಲ್ಲಿ ಕಾಪಾಡಿ, ಕೆಲವು ವರ್ಷಗಳಿಗೊಮ್ಮೆ ಹೊಸ ಸಾಧನಕ್ಕೆ ವರ್ಗಾಯಿಸುತ್ತಿರುವುದೇ ವಿವೇಕ.