ಮಗುವಿಗೆ ರೋಬಾಟ್ ಸರ್ಜರಿ: ಯಂತ್ರ ಕೊಂಡರೆ ಮುಗಿಯಿತೇ?

ಆಸ್ಪತ್ರೆಗಳ ಜಾಹೀರಾತು ನೋಡಿದ ತಂದೆತಾಯಂದಿರು ಕೇಳುವುದುಂಟು: ಮಗುವಿನ ಆಪರೇಷನ್ನನ್ನು ರೋಬಾಟ್ ಇರುವಲ್ಲೇ ಮಾಡಿಸಬೇಕೆ? ಯಂತ್ರ ತಾನಾಗಿ ಏನನ್ನೂ ಕತ್ತರಿಸುವುದಿಲ್ಲ. ಕನ್ಸೋಲ್ ಮುಂದೆ ಕೂತ ಸರ್ಜನ್ನರ ಕೈಚಲನೆಯನ್ನು ಕುಗ್ಗಿಸಿ, ನಡುಕ ಸೋಸಿ, ಹೊಟ್ಟೆಯೊಳಗಿನ ಉಪಕರಣಕ್ಕೆ ದಾಟಿಸುತ್ತದೆ, ಅಷ್ಟೆ. ಇದರ ಅಸಲು ಲಾಭ ಹೊಲಿಗೆಯಲ್ಲಿದೆ. ಮೂತ್ರಪಿಂಡದಿಂದ ಮೂತ್ರನಾಳ ಹೊರಡುವ ಜಾಗ ಹುಟ್ಟಿನಿಂದಲೇ ಕಟ್ಟಿಕೊಂಡಿದ್ದರೆ ಅದನ್ನು ಕತ್ತರಿಸಿ ಮರುಜೋಡಿಸುವ ಪೈಲೋಪ್ಲಾಸ್ಟಿಯನ್ನೇ ನೋಡಿ. ಆಂಡರ್ಸನ್ ಮತ್ತು ಹೈನ್ಸ್ 1949ರಲ್ಲಿ ವಿವರಿಸಿದ ವಿಧಾನವೇ ಇಂದಿಗೂ ನಡೆಯುತ್ತಿದೆ. ಕೂದಲೆಳೆಯಂಥ ದಾರದಲ್ಲಿ ಹೊಲಿಯುವ ಈ ಕೆಲಸ ನೇರ ಕಡ್ಡಿಯಂಥ ಲ್ಯಾಪರೊಸ್ಕೋಪಿ ಉಪಕರಣದಲ್ಲಿ ಕಷ್ಟ. ಮಣಿಕಟ್ಟಿನಂತೆ ತಿರುಗುವ ತುದಿಯಲ್ಲಿ ಸಲೀಸು.

ಆದರೆ ಡಾ ವಿಂಚಿ ಎಂಬ ಈ ಸರ್ಜರಿ ರೋಬಾಟ್ ರೂಪುಗೊಂಡದ್ದು ದೊಡ್ಡವರ ದೇಹಕ್ಕೆ. ಅದರ ಸಾಮಾನ್ಯ ಉಪಕರಣ 8 ಮಿ.ಮೀ. ದಪ್ಪ, ಮಕ್ಕಳ ಲ್ಯಾಪರೊಸ್ಕೋಪಿಗೆ 3 ಮಿ.ಮೀ.ನದೇ ಸಿಗುತ್ತದೆ. ರಂಧ್ರಗಳ ನಡುವೆ ಆರೆಂಟು ಸೆಂಟಿಮೀಟರ್ ಅಂತರ ಬೇಕು, ಕೂಸಿನ ಹೊಟ್ಟೆಯಲ್ಲಿ ಅಷ್ಟು ಜಾಗ ಎಲ್ಲಿದೆ? ಚಿಕ್ಕ ಒರಳಿಗೆ ಮೂರು ಒನಕೆ ಹಾಕಿದಂತೆ ಯಂತ್ರದ ತೋಳುಗಳು ಹೊರಗೆ ಒಂದಕ್ಕೊಂದು ಬಡಿಯುತ್ತವೆ. ಕೆಲವು ತಿಂಗಳ ಕೂಸಿಗೆ ಪಕ್ಕೆಯ ಸಣ್ಣ ಗಾಯದ ಮೂಲಕವೇ ಪೈಲೋಪ್ಲಾಸ್ಟಿ ಚೆನ್ನಾಗಿ ಆಗುವಾಗ ‘ಚಿಕ್ಕ ಗಾಯ’ ಎಂಬ ಪ್ರಚಾರಕ್ಕೆ ಅರ್ಥ ಕಡಿಮೆ.

ಹಾಗಾಗಿ ಇಂಥ ಸೇವೆ ನಿಲ್ಲುವುದು ಯಂತ್ರದ ಮೇಲಲ್ಲ, ತಂಡದ ಮೇಲೆ. ತೋಳುಗಳನ್ನು ಜೋಡಿಸಿದ ಮೇಲೆ ಪುಟ್ಟ ರೋಗಿ ಅವುಗಳ ಅಡಿಯಲ್ಲಿ ಮರೆಯಾಗುತ್ತದೆ. ಅರಿವಳಿಕೆ ತಜ್ಞರ ಕೈಗೆ ಉಸಿರಿನ ಕೊಳವೆ ಸುಲಭಕ್ಕೆ ಎಟಕುವುದಿಲ್ಲ. ಕೊಳವೆ ಒಂದು ಸೆಂಟಿಮೀಟರ್ ಜಾರಿದರೂ ಅಪಾಯ. ರಕ್ತಸ್ರಾವವಾದರೆ ತೋಳು ಬಿಚ್ಚಿ ಹಿಂದೆ ಸರಿಸುವುದು ಯಾರು, ಯಾವ ಕ್ರಮದಲ್ಲಿ ಎಂಬುದನ್ನು ನರ್ಸುಗಳು ಮೊದಲೇ ಅಭ್ಯಾಸ ಮಾಡಿರಬೇಕು. ಈ ರೂಢಿ ಉಳಿಯಲು ಕೇಸುಗಳು ನಿಯಮಿತವಾಗಿ ಬರಬೇಕು. ಮಕ್ಕಳ ಆಸ್ಪತ್ರೆಯೊಂದಕ್ಕೆ ಅಷ್ಟು ಕೇಸು ಸಿಗುವುದು ಅಪರೂಪ. ಉಪಕರಣಗಳೋ, ನಿಗದಿತ ಬಾರಿ ಬಳಸಿದ ಮೇಲೆ ಯಂತ್ರವೇ ಅವನ್ನು ಒಪ್ಪುವುದಿಲ್ಲ. ಖರ್ಚು ನಿಲ್ಲುವುದೇ ಇಲ್ಲ. ದೊಡ್ಡವರ ಯುರಾಲಜಿ ವಿಭಾಗದ ಯಂತ್ರವನ್ನು ವಾರದಲ್ಲಿ ಒಂದು ದಿನ ಹಂಚಿಕೊಳ್ಳುವುದೇ ಜಾಣತನ.

ಶುರು ಮಾಡದಿದ್ದರೆ ಕಲಿಯುವುದು ಹೇಗೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಮಗುವೊಂದಕ್ಕೆ ಜರ್ಮನಿಯ ಫ್ರಾಂಕ್‌ಫರ್ಟ್ ತಂಡ ರೋಬಾಟ್ ಸರ್ಜರಿ ಮಾಡಿದ ವರದಿ 2001ರಲ್ಲೇ ಬಂತು. ಅಂದು ಕಾದು ಕೂತಿದ್ದರೆ ಇಂದಿನ ಅನುಭವ ಇರುತ್ತಿರಲಿಲ್ಲ. ಆದರೆ ಶುರು ಮಾಡುವುದಕ್ಕೂ ಎಲ್ಲವನ್ನೂ ಒಮ್ಮೆಲೇ ಶುರು ಮಾಡುವುದಕ್ಕೂ ವ್ಯತ್ಯಾಸವಿದೆ. ಒಂದೇ ಆಪರೇಷನ್, ಇಬ್ಬರೇ ಸರ್ಜನ್ನರು, ಮೊದಲು ದೊಡ್ಡ ಮಕ್ಕಳು. ಕೈ ಪಳಗಿದ ಮೇಲೆ ಚಿಕ್ಕವರು.