ನಾಟಕಕ್ಕೂ ಒಂದು ಪ್ರಯೋಗದ ಹೊಲ

ಹೆಬ್ಬಾಳದ ನೆಲಕ್ಕೆ ಕಾಲೇಜು, ವಿಶ್ವವಿದ್ಯಾಲಯ ಹೊಸ ಮಾತಲ್ಲ. 1899ರಲ್ಲಿ ಮೈಸೂರಿನ ರಾಜಮಾತೆ ಕೆಂಪನಂಜಮ್ಮಣ್ಣಿಯವರು ಇಲ್ಲಿ 30 ಎಕರೆ ಜಮೀನನ್ನು ಬೆಳೆಗಳ ಪ್ರಯೋಗಕ್ಕೆಂದು ಕೊಟ್ಟರು. 1946ರಲ್ಲಿ ಕೃಷಿ ಕಾಲೇಜು ಶುರುವಾಯಿತು, 1958ರಲ್ಲಿ ಪಶುವೈದ್ಯಕೀಯ ಕಾಲೇಜು ಬಂತು, 1964ರಲ್ಲಿ ಕೃಷಿ ವಿಶ್ವವಿದ್ಯಾಲಯವೇ ಆಯಿತು. ಅಪ್ಪನ ಹಿಂದೆ ನೇಗಿಲು ಹಿಡಿದು ಕಲಿಯುತ್ತಿದ್ದ ಕೆಲಸಕ್ಕೆ ಪಠ್ಯಕ್ರಮ, ಪ್ರಯೋಗಾಲಯ, ಪದವಿ ಎಲ್ಲವೂ ಬಂದದ್ದನ್ನು ಈ ಊರು ಕಣ್ಣಾರೆ ನೋಡಿದೆ. ಬೇಸಾಯವನ್ನು ಕಾಲೇಜಿಗೆ ಹೋಗಿ ಕಲಿಯಬೇಕೆ ಎಂದು ಇವತ್ತು ಇಲ್ಲಿ ಯಾರೂ ಕೇಳುವುದಿಲ್ಲ. ಆದರೆ ಹೆಬ್ಬಾಳದ್ದೋ ಗಂಗಾನಗರದ್ದೋ ಒಂದು ಮನೆಯಲ್ಲಿ, ಪಿಯುಸಿ ಮುಗಿಸಿದ ಮಗಳು "ನಾನು ನಾಟಕ ಓದ್ತೀನಿ" ಅಂದರೆ ಅಪ್ಪನ ಕೈಯ ತುತ್ತು ಅಲ್ಲೇ ನಿಲ್ಲುತ್ತದೆ. "ಓದಿನ ಜೊತೆ ನಾಟಕ ಆಡಮ್ಮ, ಬೇಡ ಅನ್ನಲ್ಲ. ನಾಟಕಾನೇ ಓದೋದು ಅಂದ್ರೇನು?" ಅಪ್ಪ ಕೇಳುವುದರಲ್ಲಿ ತಪ್ಪಿಲ್ಲ. ಅದಕ್ಕೆ ಸರಿಯಾದ ಉತ್ತರ ಸಿಗಬೇಕು.

ಕನ್ನಡ ನಾಡಿನಲ್ಲಿ ನಾಟಕ ಕಲಿಸುವ ಕೆಲಸವನ್ನು ವಿಶ್ವವಿದ್ಯಾಲಯಗಳು ಶುರು ಮಾಡಿದ್ದಲ್ಲ. ಯಲಹಂಕ, ದೇವನಹಳ್ಳಿ, ದೊಡ್ಡಬಳ್ಳಾಪುರದ ಸುತ್ತಲಿನ ಹಳ್ಳಿಗಳಲ್ಲಿ ಡ್ರಾಮಾ ಮೇಷ್ಟ್ರು ಎಂಬ ಗುರು ಇದ್ದರು, ಈಗಲೂ ಇದ್ದಾರೆ. ಒಕ್ಕಣೆ ಮುಗಿದು ಕೈಗೆ ಬಿಡುವು ಸಿಕ್ಕಾಗ ಹಾರ್ಮೋನಿಯಂ ಸಮೇತ ಊರಿಗೆ ಬಂದು, ದಿನವೆಲ್ಲ ದುಡಿದು ಬಂದವರನ್ನು ರಾತ್ರಿ ಸಾಲಾಗಿ ನಿಲ್ಲಿಸಿ, ಕಂದಪದ್ಯ, ಮಟ್ಟು, ಮಾತು ಎಲ್ಲವನ್ನೂ ಬಾಯಿಪಾಠ ಮಾಡಿಸುವವರು ಅವರು. ತಿಂಗಳುಗಟ್ಟಲೆ ತಾಲೀಮು. ಆಮೇಲೆ ಬಾಡಿಗೆ ಸೀನರಿ, ಬಾಡಿಗೆ ಡ್ರೆಸ್, ಸ್ತ್ರೀಪಾತ್ರಗಳಿಗೆ ಹೊರಗಿನಿಂದ ಕರೆಸಿದ ವೃತ್ತಿನಟಿಯರು, ಬೆಳಗಿನವರೆಗೆ ನಡೆಯುವ 'ಕುರುಕ್ಷೇತ್ರ'. ಇದರಲ್ಲಿ ನಟನಿಗೆ ಸಂಬಳವಿಲ್ಲ, ಅವನೇ ಪಾತ್ರಕ್ಕೆ ಇಷ್ಟು ಎಂದು ದುಡ್ಡು ಹಾಕುತ್ತಾನೆ. ದುರ್ಯೋಧನನ ಪಾತ್ರ ಬೇಕೆಂದರೆ ದುರ್ಯೋಧನನಿಗೆ ತಕ್ಕ ಹಣ. ಶುಲ್ಕ ಕಟ್ಟಿ ನಾಟಕ ಕಲಿಯುವ ಪದ್ಧತಿ ನಮ್ಮ ಜನಕ್ಕೆ ಅಪರಿಚಿತವಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಈ ಮೇಷ್ಟ್ರುಗಳ ಬಗ್ಗೆ ನನಗೆ ತುಂಬು ಗೌರವವಿದೆ. ಅವರಿಂದ ಕಲಿತವರ ದನಿ ಮೈಕಿಲ್ಲದೆ ಬಯಲಿನ ಕೊನೆಯ ಸಾಲಿಗೆ ಮುಟ್ಟುತ್ತದೆ. ಆದರೆ ಅಲ್ಲಿ ಕಲಿಯುವುದು ಒಂದು ನಾಟಕವನ್ನು, ಒಂದು ಪಾತ್ರವನ್ನು. ಆ ವರ್ಷದ ದುರ್ಯೋಧನ ಎಷ್ಟೋ ಸಲ ಜೀವನವಿಡೀ ದುರ್ಯೋಧನನೇ.

ಇನ್ನೊಂದು ಪಾಠಶಾಲೆ ನಾಟಕ ಕಂಪನಿ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯಲ್ಲಿ ಬಾಲಕಲಾವಿದನಾಗಿ ಸೇರಿ ಮುಂದೆ ಅದರ ಯಜಮಾನರಾದ ವೀರಣ್ಣನವರು ರಂಗದ ಮೇಲೆ ನಿಜವಾದ ಆನೆ, ಕುದುರೆಗಳನ್ನೇ ತಂದವರು. ರಾಜಕುಮಾರ್ ಕೂಡ ಅಲ್ಲಿ ಪಳಗಿದವರೇ. ಆ ಕಂಪನಿಗೆ ದಕ್ಷಿಣ ಕನ್ನಡದ ಮಂಚಿಯಿಂದ ಮನೆ ಬಿಟ್ಟು ಓಡಿಬಂದ ಒಬ್ಬ ಹುಡುಗ ಸೇರಿಕೊಂಡ. ಆ ಹುಡುಗನನ್ನು ತಮ್ಮಲ್ಲೇ ಇಟ್ಟುಕೊಂಡು ದುಡಿಸಬಹುದಾಗಿದ್ದ ವೀರಣ್ಣನವರು ಅವನನ್ನು ಕಾಶಿಗೆ ಓದಲು ಕಳಿಸಿದರು. ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಹಿಂದಿ ಎಂ.ಎ., ಜೊತೆಗೆ ಸಂಗೀತ, ಅಲ್ಲಿಂದ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ. ಆ ಹುಡುಗ ಬಿ.ವಿ. ಕಾರಂತ. 1972ರಲ್ಲಿ ರವೀಂದ್ರ ಕಲಾಕ್ಷೇತ್ರದ ಹಿಂದಿನ ಬಯಲಿನಲ್ಲಿ 'ಜೋಕುಮಾರಸ್ವಾಮಿ', 'ಸಂಕ್ರಾಂತಿ', 'ಈಡಿಪಸ್' ಮೂರನ್ನೂ ಆಡಿಸಿ ಕನ್ನಡ ರಂಗಭೂಮಿಯ ದಿಕ್ಕು ಬದಲಿಸಿದವರು, 1977ರಲ್ಲಿ ತಾವು ಓದಿದ ಶಾಲೆಗೇ ನಿರ್ದೇಶಕರಾದವರು, 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಕಟ್ಟಿದವರು. ಕಂಪನಿಯಲ್ಲಿ ಸಿಕ್ಕಿದ ಹಾಡು, ವೇಗ, ಜನರ ನಾಡಿ, ಓದಿನಲ್ಲಿ ಸಿಕ್ಕಿದ ಸಂಸ್ಕೃತ ನಾಟಕ, ಗ್ರೀಕ್ ನಾಟಕ, ಬೇರೆ ಭಾಷೆಗಳ ರಂಗಭೂಮಿ ಅವರೊಬ್ಬರಲ್ಲೇ ಕೂಡಿದವು. ಕಂಪನಿ ಮಾಲೀಕರೊಬ್ಬರು ತಮ್ಮ ಹುಡುಗನನ್ನು ವಿಶ್ವವಿದ್ಯಾಲಯಕ್ಕೆ ಕಳಿಸಿದ್ದು, ನನ್ನ ಮಟ್ಟಿಗೆ, ಕನ್ನಡ ರಂಗಶಿಕ್ಷಣದ ಇತಿಹಾಸದಲ್ಲಿ ಅತಿ ದೂರದೃಷ್ಟಿಯ ನಿರ್ಧಾರ.

ಹೊರಗಿನ ಲೋಕದಲ್ಲೂ ನಾಟಕ ವಿಶ್ವವಿದ್ಯಾಲಯದೊಳಗೆ ಬಂದು ಬಹಳ ಕಾಲವೇನೂ ಆಗಿಲ್ಲ. ಅಮೆರಿಕದ ಪಿಟ್ಸ್‌ಬರ್ಗ್‌ನ ಕಾರ್ನೆಗಿ ಸಂಸ್ಥೆ ನಾಟಕದಲ್ಲಿ ಪದವಿ ಕೊಡಲು ಶುರು ಮಾಡಿದ್ದು 1914ರಲ್ಲಿ. ಷೇಕ್ಸ್‌ಪಿಯರ್‌ನ ನಾಡಾದ ಇಂಗ್ಲೆಂಡಿನಲ್ಲಿ ಬ್ರಿಸ್ಟಲ್ ವಿಶ್ವವಿದ್ಯಾಲಯ ಮೊದಲ ನಾಟಕ ವಿಭಾಗ ತೆರೆದಾಗ 1947 ಆಗಿತ್ತು. ನಮ್ಮ ದೇಶದಲ್ಲಿ ಈ ದಾರಿಯಲ್ಲಿ ಬರೋಡ ವಿಶ್ವವಿದ್ಯಾಲಯ ಮುಂದೆ ಹೋಯಿತು. 1959ರಲ್ಲಿ ರಾಷ್ಟ್ರೀಯ ನಾಟಕ ಶಾಲೆ, 1962ರಲ್ಲಿ ಕೋಲ್ಕತ್ತದ ರವೀಂದ್ರ ಭಾರತಿ, 1972ರಲ್ಲಿ ಚಂಡೀಗಡದ ನಾಟಕ ವಿಭಾಗ, 1977ರಲ್ಲಿ ಕಲ್ಲಿಕೋಟೆ ವಿಶ್ವವಿದ್ಯಾಲಯದ ತ್ರಿಶೂರ್ ಶಾಲೆ ಬಂದವು. ಕರ್ನಾಟಕದ ದಾರಿ ಸ್ವಲ್ಪ ಬೇರೆ. ಇಲ್ಲಿ ಅತಿ ದೊಡ್ಡ ಹೆಜ್ಜೆ ಇಟ್ಟಿದ್ದು ಒಂದು ಹಳ್ಳಿ. ಸಾಗರದ ಬಳಿಯ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣ 1980ರಲ್ಲಿ ನೀನಾಸಂ ರಂಗಶಿಕ್ಷಣ ಕೇಂದ್ರ ತೆರೆದರು. 1985ರಿಂದ ಅಲ್ಲಿನ 'ತಿರುಗಾಟ' ತಂಡ ರಾಜ್ಯವಿಡೀ ನಾಟಕ ಹೊತ್ತು ತಿರುಗುತ್ತಿದೆ. ನಟರಾದ ಮಂಡ್ಯ ರಮೇಶ್, ಅಚ್ಯುತ್ ಕುಮಾರ್ ಅಲ್ಲಿ ಕಲಿತವರು. ನಟ ಸತೀಶ್ ಅವರಂತೂ ನೀನಾಸಂ ಎಂಬುದನ್ನು ತಮ್ಮ ಹೆಸರಿಗೇ ಸೇರಿಸಿಕೊಂಡಿದ್ದಾರೆ.

ಹಾಗಾದರೆ ತರಗತಿಯಲ್ಲಿ ಏನು ನಡೆಯುತ್ತದೆ? ಒಂದು ಉದಾಹರಣೆ ಹಿಡಿಯೋಣ. ಗಿರೀಶ ಕಾರ್ನಾಡರ 1964ರ 'ತುಘಲಕ್' ನಾಟಕದಲ್ಲಿ ಸುಲ್ತಾನ ಒಬ್ಬನೇ ಚದುರಂಗದ ಮಣೆಯ ಮುಂದೆ ಕೂತಿರುವಾಗ ಮಲತಾಯಿ ಒಳಗೆ ಬರುವ ದೃಶ್ಯವಿದೆ. ಕಾಲೇಜು ದಿನಾಚರಣೆಗೆ ಇದನ್ನು ಆಡುವುದಾದರೆ ಮಾತು ಬಾಯಿಪಾಠ ಮಾಡಿ, ಗಡ್ಡ ಅಂಟಿಸಿ, ಬಾಡಿಗೆ ನಿಲುವಂಗಿ ತೊಟ್ಟು ನಿಂತರೆ ಮುಗಿಯಿತು. ನಾಟಕ ವಿಭಾಗದಲ್ಲಿ ಇದೇ ದೃಶ್ಯ ಎರಡು ವಾರ ತಿನ್ನುತ್ತದೆ. ಮೊದಲು ಎಲ್ಲರೂ ಸುತ್ತ ಕೂತು ಓದುತ್ತಾರೆ. ಆಟವಾಡಲು ಎದುರಾಳಿಯೇ ಇಲ್ಲದ ಈ ಮನುಷ್ಯ ಯಾರ ಜೊತೆ ಆಡುತ್ತಿದ್ದಾನೆ? ತಾಯಿ ಬಂದಾಗ ಏಳುತ್ತಾನೋ, ಕೂತೇ ಇರುತ್ತಾನೋ? ಎದ್ದರೆ ಒಂದು ಸಂಬಂಧ, ಕೂತರೆ ಇನ್ನೊಂದು. ಆಮೇಲೆ ಮಣೆಯನ್ನು ಎಲ್ಲಿಡಬೇಕು ಎಂಬ ಪ್ರಶ್ನೆ. ರಂಗದ ನಡುವೆ ಇಟ್ಟರೆ ನಟನ ಬೆನ್ನು ಅರ್ಧ ಪ್ರೇಕ್ಷಕರಿಗೆ. ಕೆಳಗಿಟ್ಟರೆ ಹಿಂದಿನ ಸಾಲಿನವರಿಗೆ ಕಾಣುವುದೇ ಇಲ್ಲ. ಬೆಳಕಿನ ಹೊಣೆ ಹೊತ್ತ ಹುಡುಗಿ ಕೇಳುತ್ತಾಳೆ: ಇದು ಹಗಲೋ ರಾತ್ರಿಯೋ, ಬೆಳಕು ಕಿಟಕಿಯಿಂದ ಬರುತ್ತಿದೆಯೋ ದೀಪದಿಂದಲೋ? ವಸ್ತ್ರದ ಹುಡುಗ ಹದಿನಾಲ್ಕನೆಯ ಶತಮಾನದ ದೆಹಲಿಯ ಬಟ್ಟೆಯ ಚಿತ್ರ ಹುಡುಕಿ ಗ್ರಂಥಾಲಯದಲ್ಲಿ ಕೂರುತ್ತಾನೆ. ಮುಂದಿನ ವಾರ ಜವಾಬ್ದಾರಿ ಬದಲಾಗುತ್ತದೆ. ಸುಲ್ತಾನನಾಗಿದ್ದವನು ಏಣಿ ಹತ್ತಿ ದೀಪ ಕಟ್ಟುತ್ತಾನೆ, ಬೆಳಕಿನ ಹುಡುಗಿ ತಾಯಿಯ ಪಾತ್ರ ಮಾಡುತ್ತಾಳೆ.

ಇದೇ ಅಪ್ಪನ ಪ್ರಶ್ನೆಗೆ ನನ್ನ ಉತ್ತರದ ತಿರುಳು. ನಾಟಕ ಓದುವುದು ಎಂದರೆ ಒಂದು ಪಾತ್ರ ಕಲಿಯುವುದಲ್ಲ, ಒಂದು ನಾಟಕಕ್ಕೆ ಬೇಕಾದ ಎಲ್ಲ ಕೆಲಸವನ್ನೂ ಮೈಗೂಡಿಸಿಕೊಳ್ಳುವುದು. ಭರತನ ನಾಟ್ಯಶಾಸ್ತ್ರ ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ ಎಂದು ನಾಲ್ಕಾಗಿ ವಿಂಗಡಿಸಿದಾಗಲೇ ಮೈ, ಮಾತು, ವೇಷ, ಮನಸ್ಸು ನಾಲ್ಕೂ ಕಲಿಕೆಯ ವಿಷಯ ಎಂದು ಒಪ್ಪಿತ್ತು. ಅದನ್ನು ಆದ್ಯ ರಂಗಾಚಾರ್ಯರು ಕನ್ನಡಕ್ಕೆ ತಂದುಕೊಟ್ಟಿದ್ದಾರೆ. ಓದುವ ಹುಡುಗರಿಗೆ ಸಂಸ್ಕೃತ ಬರದಿದ್ದರೂ ಅಡ್ಡಿಯಿಲ್ಲ. ಅದರ ಪಕ್ಕದಲ್ಲೇ ರಷ್ಯಾದ ಸ್ತಾನಿಸ್ಲಾವ್‌ಸ್ಕಿ, ಜರ್ಮನಿಯ ಬ್ರೆಕ್ಟ್ ಬರುತ್ತಾರೆ. ಬೆಳಿಗ್ಗೆ ಯಕ್ಷಗಾನದ ಹೆಜ್ಜೆಯೋ ಕಳರಿಪಯಟ್ಟಿನ ವ್ಯಾಯಾಮವೋ, ಆಮೇಲೆ ಧ್ವನಿ ಅಭ್ಯಾಸ, ಮಧ್ಯಾಹ್ನ ಇತಿಹಾಸ ಮತ್ತು ಸಿದ್ಧಾಂತ, ಸಂಜೆಯಿಂದ ತಾಲೀಮು. ಪ್ರದರ್ಶನ ಹತ್ತಿರ ಬಂದರೆ ಮನೆಗೆ ಹೋಗುವ ಹೊತ್ತು ಯಾರ ಕೈಯಲ್ಲೂ ಇರುವುದಿಲ್ಲ.

ಇದೆಲ್ಲಕ್ಕಿಂತ ಹೆಚ್ಚಾಗಿ ಶಾಲೆ ಕೊಡುವುದು ಸೋಲಲು ಜಾಗ. ಟಿಕೆಟ್ ಮಾರಿ ಹೊಟ್ಟೆ ಹೊರೆಯಬೇಕಾದ ಕಂಪನಿಗೆ ಕೆಟ್ಟ ನಾಟಕ ಆಡುವ ಸ್ವಾತಂತ್ರ್ಯವಿರಲಿಲ್ಲ. ಕೆಲಸ ಮುಗಿಸಿ ರಾತ್ರಿ ಸೇರುವ ಹವ್ಯಾಸಿ ತಂಡಕ್ಕೆ ಸಮಯವಿಲ್ಲ. ಹೆಬ್ಬಾಳದ ಆ ಮೂವತ್ತು ಎಕರೆಯಲ್ಲಿ ಹೊಸ ತಳಿ ಬಿತ್ತಿ, ಬೆಳೆ ಬರದಿದ್ದರೆ ಯಾಕೆ ಬರಲಿಲ್ಲ ಎಂದು ಬರೆದಿಟ್ಟುಕೊಳ್ಳುವ ಹಾಗೆ, ನಾಟಕ ವಿಭಾಗದಲ್ಲಿ ಒಂದು ದೃಶ್ಯವನ್ನು ಹತ್ತು ಥರ ಆಡಿ ಒಂಬತ್ತನ್ನು ಬಿಟ್ಟುಬಿಡಬಹುದು. ಆ ಒಂಬತ್ತರಿಂದಲೇ ಕಲಿಕೆ.

ಇನ್ನು ಹೆಬ್ಬಾಳದ ಹುಡುಗ ಹುಡುಗಿಯರಿಗೆ ಎಲ್ಲಿ ದಾರಿ? ಬಳ್ಳಾರಿ ರಸ್ತೆಯಲ್ಲಿ ಉತ್ತರಕ್ಕೆ ಹೋದರೆ ಯಲಹಂಕದ ಕಟ್ಟಿಗೇನಹಳ್ಳಿಯ ರೇವಾ ವಿಶ್ವವಿದ್ಯಾಲಯದಲ್ಲಿ ಪ್ರದರ್ಶನ ಕಲೆಗಳಿಗೇ ಒಂದು ಶಾಲೆ ಇದೆ. ಭರತನಾಟ್ಯ, ಕೂಚಿಪೂಡಿಯಂಥ ನೃತ್ಯಗಳನ್ನು ಪದವಿಯಾಗಿ ಓದಲು ಬಯಸುವವರಿಗೆ ಹತ್ತಿರದ ಜಾಗ ಅದು. ಪದವಿಯ ಹಂಗಿಲ್ಲದ ಗುರುಕುಲ ಬೇಕೆನ್ನುವವರಿಗೆ, 1990ರಲ್ಲಿ ಪ್ರೊತಿಮಾ ಗೌರಿ ಹೆಸರಘಟ್ಟದಲ್ಲಿ ಕಟ್ಟಿದ ನೃತ್ಯಗ್ರಾಮವಿದೆ. ಒಡಿಸ್ಸಿ ಕಲಿಯುವವರು ಅಲ್ಲೇ ವಾಸವಿದ್ದು ಕಲಿಯುತ್ತಾರೆ.

ನಾಟಕಕ್ಕೆಂದರೆ ಹೊರವರ್ತುಲ ರಸ್ತೆ ಹಿಡಿದು ಪಶ್ಚಿಮಕ್ಕೆ ತಿರುಗಬೇಕು. ಗೊರಗುಂಟೆಪಾಳ್ಯ, ಸುಮನಹಳ್ಳಿ ದಾಟಿದರೆ ಒಂದರ ಪಕ್ಕ ಒಂದು ಎರಡು ಸಂಸ್ಥೆಗಳು. ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣದಲ್ಲಿ ಪ್ರದರ್ಶನ ಕಲೆಗಳ ವಿಭಾಗವಿದೆ. ಸಂಗೀತ, ನೃತ್ಯ, ನಾಟಕಗಳಲ್ಲಿ ಸ್ನಾತಕೋತ್ತರ ಪದವಿ ಮತ್ತು ಸಂಶೋಧನೆಗೆ ಅವಕಾಶ. ಯಾವುದೇ ಪದವಿ ಓದುತ್ತಾ ಹವ್ಯಾಸಿ ತಂಡಗಳಲ್ಲಿ ಪಳಗಿ ಆಮೇಲೆ ಬರುವವರಿಗೆ ಇದು ಸರಿಯಾದ ಬಾಗಿಲು. ಅದರ ಮಗ್ಗುಲಿಗೆ, ಮಲ್ಲತ್ತಹಳ್ಳಿಯ ಕಲಾಗ್ರಾಮದಲ್ಲಿ ರಾಷ್ಟ್ರೀಯ ನಾಟಕ ಶಾಲೆಯ ಬೆಂಗಳೂರು ಕೇಂದ್ರ. ದಕ್ಷಿಣದ ರಾಜ್ಯಗಳ ಅಭ್ಯರ್ಥಿಗಳನ್ನು ಆಯ್ದು ಅಲ್ಲಿ ಒಂದು ವರ್ಷದ ತರಬೇತಿ ಕೊಡುತ್ತಾರೆ. ಕನ್ನಡ, ತಮಿಳು, ತೆಲುಗು, ಮಲಯಾಳ ಮಾತಾಡುವವರು ಒಂದೇ ದೃಶ್ಯದಲ್ಲಿ ನಿಲ್ಲುವ ಅವಕಾಶ ಅದು. ದೆಹಲಿಯ ಮೂರು ವರ್ಷದ ಡಿಪ್ಲೊಮಾಕ್ಕೆ ಮೊದಲೇ ಒಂದು ಪದವಿ ಮುಗಿದಿರಬೇಕು, ನಾಟಕಗಳಲ್ಲಿ ಕೆಲಸ ಮಾಡಿದ ಅನುಭವವೂ ಇರಬೇಕು. ಬೆಂಗಳೂರು ಬಿಟ್ಟು ಹೋಗಲು ಸಿದ್ಧರಿದ್ದರೆ ಹೆಗ್ಗೋಡು ಇದೆ, ಸಾಣೇಹಳ್ಳಿಯ ರಂಗಶಾಲೆ ಇದೆ, ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ ಹೆಸರಿನ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯವಿದೆ.

ಕೆಲಸದ ವಿಚಾರಕ್ಕೆ ಬರೋಣ. ಅಪ್ಪನ ಮನಸ್ಸಿನಲ್ಲಿ ಇರುವುದು ಅದೇ. ಕಲಿತವರೆಲ್ಲ ಸಿನಿಮಾ, ಧಾರಾವಾಹಿಗೆ ಹೋಗುತ್ತಾರೆ ಎಂಬುದು ಅರ್ಧ ಸತ್ಯ, ಹೋದವರೆಲ್ಲ ನಿಲ್ಲುವುದೂ ಇಲ್ಲ. ಆದರೆ ರಂಗಾಯಣದಂಥ ರೆಪರ್ಟರಿಗಳಿವೆ, ತಿರುಗಾಟ, ಶಿವಸಂಚಾರದಂಥ ಸಂಚಾರಿ ತಂಡಗಳಿವೆ. ಕೆಲವು ಸರ್ಕಾರಿ ಪ್ರೌಢಶಾಲೆಗಳಲ್ಲಿ ನಾಟಕ ಶಿಕ್ಷಕರ ಹುದ್ದೆಗಳಿವೆ. ಉತ್ತರ ಬೆಂಗಳೂರಿನಲ್ಲಿ ಯಲಹಂಕದಿಂದ ವಿಮಾನ ನಿಲ್ದಾಣದವರೆಗೆ ಎದ್ದಿರುವ ದೊಡ್ಡ ಖಾಸಗಿ ಶಾಲೆಗಳಿಗೂ ನಾಟಕ ಕಲಿಸುವವರು ಬೇಕು. ಅಂತರರಾಷ್ಟ್ರೀಯ ಪಠ್ಯಕ್ರಮದಲ್ಲಿ ರಂಗಭೂಮಿ ಪರೀಕ್ಷೆ ಬರೆಯುವ ವಿಷಯವೇ. ಬೆಳಕು, ಧ್ವನಿ, ರಂಗಸಜ್ಜಿಕೆ ಬಲ್ಲವರಿಗೆ ನಗರದ ಕಾರ್ಯಕ್ರಮಗಳಲ್ಲಿ ಕೆಲಸ ಸಿಗುತ್ತದೆ. ಸಂಬಳ ಎಂಜಿನಿಯರಿಂಗ್‌ನಷ್ಟು ಇರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮೊದಲ ಕೆಲವು ವರ್ಷ ಕಷ್ಟವಿರುತ್ತದೆ, ಅದನ್ನು ಮನೆಯವರಿಗೆ ಮುಂಚೆಯೇ ತಿಳಿಸಿ ಹೊರಡುವುದು ಒಳ್ಳೆಯದು.

ನನಗೆ ನಿಜವಾದ ಕೊರತೆ ಕಾಣುವುದು ಬೇರೆ ಕಡೆ. ಬೆಂಗಳೂರಿನ ಹೆಸರಾಂತ ರಂಗಮಂದಿರಗಳಲ್ಲಿ ಹೆಚ್ಚಿನವು ಊರಿನ ನಡುವೆ ಇವೆ, ಇಲ್ಲವೇ ದಕ್ಷಿಣಕ್ಕಿವೆ. 1963ರ ರವೀಂದ್ರ ಕಲಾಕ್ಷೇತ್ರ ಜೆ.ಸಿ. ರಸ್ತೆಯಲ್ಲಿ, ಕೆ.ಎಚ್. ಕಲಾಸೌಧ ಹನುಮಂತನಗರದಲ್ಲಿ, ಅರುಂಧತಿ ನಾಗ್ ಮುಂದೆ ನಿಂತು 2004ರಲ್ಲಿ ತೆರೆದ ರಂಗಶಂಕರ ಜೆ.ಪಿ. ನಗರದಲ್ಲಿ. ರಂಗಶಂಕರದಲ್ಲಿ ನಾಟಕ ಶುರುವಾದ ಮೇಲೆ ಒಳಗೆ ಬಿಡುವುದಿಲ್ಲ. ಅದು ಒಳ್ಳೆಯ ಶಿಸ್ತು. ಹೆಬ್ಬಾಳದ ವಿದ್ಯಾರ್ಥಿ ಸಂಜೆ ಏಳೂವರೆಯ ಆಟಕ್ಕೆ ಐದಕ್ಕೇ ಬಸ್ಸು ಹತ್ತಬೇಕು, ಮೇಲ್ಸೇತುವೆಯ ದಟ್ಟಣೆಯಲ್ಲಿ ಸಿಕ್ಕಿಕೊಂಡರೆ ಆ ದಿನದ ಪಾಠ ತಪ್ಪಿತು. ನಾಟಕ ಕಲಿಯುವವರು ವರ್ಷಕ್ಕೆ ಎಷ್ಟು ನಾಟಕ ನೋಡಿದರು ಎಂಬುದು ಅವರ ಅಂಕಪಟ್ಟಿಗಿಂತ ಮುಖ್ಯ. ಇಷ್ಟೊಂದು ಕಾಲೇಜುಗಳಿರುವ ಉತ್ತರ ಬೆಂಗಳೂರಿಗೆ ಸರಿಯಾದ ಬೆಳಕಿನ ವ್ಯವಸ್ಥೆ, ಕಡಿಮೆ ಬಾಡಿಗೆ, ಇನ್ನೂರು ಆಸನವಿರುವ ಒಂದು ಪುಟ್ಟ ರಂಗಮಂದಿರ ಬೇಕೇ ಬೇಕು. ಶಾಮಿಯಾನ ಹಾಕಿ ಸನ್ಮಾನ ಮಾಡುವ ವೇದಿಕೆ ಆ ಕೆಲಸಕ್ಕೆ ಆಗುವುದಿಲ್ಲ.

ಸೇರುವ ಮೊದಲು ಮಾಡಬೇಕಾದ ಒಂದು ಕೆಲಸವಿದೆ. ಆಯ್ಕೆ ಮಾಡಿಕೊಂಡ ಸಂಸ್ಥೆಯ ವಿದ್ಯಾರ್ಥಿಗಳು ಆಡುವ ನಾಟಕವನ್ನು ಅಪ್ಪ, ಅಮ್ಮ, ಮಗಳು ಮೂವರೂ ಹೋಗಿ ನೋಡಲಿ. ಇಂಥ ಪ್ರದರ್ಶನಗಳಿಗೆ ಸಾಮಾನ್ಯವಾಗಿ ಪ್ರವೇಶ ಉಚಿತ. ಮುಗಿದ ಮೇಲೆ ಮುಖ್ಯ ಪಾತ್ರಧಾರಿಯನ್ನು ಬಿಟ್ಟು ಹಿಂದೆ ಸಾಮಾನು ಕಟ್ಟುತ್ತಿರುವವರನ್ನು ಮಾತಾಡಿಸಿ. ವಾರಕ್ಕೆ ಎಷ್ಟು ಗಂಟೆ ತಾಲೀಮು, ಹೊರಗಿನ ನಿರ್ದೇಶಕರು ಬರುತ್ತಾರಾ, ದೀಪಗಳನ್ನು ಮುಟ್ಟಲು ಹುಡುಗಿಯರಿಗೂ ಬಿಡುತ್ತಾರಾ, ಗ್ರಂಥಾಲಯ ರಾತ್ರಿ ತೆರೆದಿರುತ್ತದಾ, ಹಾಸ್ಟೆಲ್ ಇದೆಯಾ, ಕಳೆದ ವರ್ಷ ಮುಗಿಸಿದವರು ಈಗ ಏನು ಮಾಡುತ್ತಿದ್ದಾರೆ ಎಂದು ಕೇಳಿ. ಮಾಹಿತಿ ಪುಸ್ತಕದಲ್ಲಿ ಇಲ್ಲದ್ದನ್ನೆಲ್ಲ ಅವರು ಹೇಳುತ್ತಾರೆ.